ಕೊನೆಯಲ್ಲಿ ಬರುತ್ತಿದ್ದವರು

ಅವರು ಯಾವಾಗಲೂ ಕೊನೆಯಲ್ಲಿ ಬರುತ್ತಿದ್ದರು. ನಿಧಾನ ಎಂದಲ್ಲ. ಅರವತ್ತು ದಾಟಿದ್ದರೂ ಏರಿನಲ್ಲಿ ನಮ್ಮ ಮೂವರನ್ನೂ ಹಿಂದೆ ಹಾಕುವಷ್ಟು ಶಕ್ತಿ ಅವರ ಕಾಲುಗಳಲ್ಲಿತ್ತು. ಸಾಲಿನಲ್ಲಿ ಕೊನೆಯವರಾಗಿರುವುದು ಅವರು ತಾವಾಗಿಯೇ ವಹಿಸಿಕೊಂಡಿದ್ದ ಕೆಲಸ. ಹೋದ ವಾರ ಅವರ ಮನೆಯಲ್ಲಿ ವರ್ಷದ ತಿಥಿ ಆಯಿತು. ಅಲ್ಲಿಂದ ಬಂದ ಮೇಲೆ ಇದನ್ನು ಬರೆದಿಡಬೇಕು ಎನಿಸಿತು. ಹೆಸರು ಹಾಕುವುದಿಲ್ಲ. ಕೊಡಿಗೇಹಳ್ಳಿಯ ಹಳೆಯ ಕುಟುಂಬ ಅದು, ನೆಂಟರು ಬಹಳ. ನಾವು ಅವರನ್ನು ಅಣ್ಣ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೆಯೇ ಇರಲಿ.

ಅಣ್ಣ ಜಾಲಹಳ್ಳಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ತಮ್ಮಂದಿರು ಜಮೀನಿನ ಮೇಲೆ ಅಪಾರ್ಟ್‌ಮೆಂಟು ಕಟ್ಟಿಸಿ ದೊಡ್ಡ ಕಾರುಗಳಲ್ಲಿ ಓಡಾಡಿದರೆ, ಇವರು ಕೊನೆಯ ದಿನದವರೆಗೂ ಸೈಕಲ್ಲಿನಲ್ಲೇ ಕಾರ್ಖಾನೆಗೆ ಹೋಗಿಬಂದರು. ಬೀಳ್ಕೊಡುಗೆಯ ದಿನ ಜೊತೆಯವರು ಹಾರ ಹಾಕಿ, ಮನೆಗೆ ಬಿಡಲು ಕಾರು ತರಿಸಿದ್ದರು. ಇವರು ಹಾರವನ್ನು ಮಾತ್ರ ಕಾರಿನಲ್ಲಿ ಕಳಿಸಿ, ತಾವು ಸೈಕಲ್ ಹತ್ತಿದರು. ಅವರ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಈ ಕಥೆಯನ್ನು ನಮಗೆ ಎಷ್ಟು ಸಲ ಹೇಳಿದ್ದಾರೋ. "ಕಾರ್ ಬಂತು ಕಣ್ರಪ್ಪ. ಆರತಿ ತಟ್ಟೆ ಇಡ್ಕಂಡು ಬಾಗ್ಲು ತೆಗುದ್ರೆ ಹೂವಿನ್ ಆರ ಕುಂತದೆ, ಆಸಾಮಿ ಇಲ್ಲ!" ಆಗ ನಾವೆಲ್ಲ ನಗುತ್ತಿದ್ದೆವು.

ನನಗೆ ಅವರು ಸಿಕ್ಕಿದ್ದು ಯಲಹಂಕ ದಾಟಿ ನಂದಿ ಬೆಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ. ನಾನು ಹೊಸ ಸೈಕಲ್ಲನ್ನು ತಲೆಕೆಳಗು ಮಾಡಿಕೊಂಡು ಮೋರಿಯ ಮೇಲೆ ಕೂತಿದ್ದೆ.

"ಯಾಕ್ ಸಾರ್ ಕುಂತ್ಬುಟ್ರಿ?"

"ಪಂಚರ್ ಆಯ್ತು."

"ಸಾಮಾನ್ ಐತಾ?"

"ಎಲ್ಲಾ ಇದೆ. ಹಾಕೋಕೆ ಬರಲ್ಲ."

"ಮತ್ಯಾಕೆ ಒತ್ಕಂಡ್ ಬಂದ್ರಿ?"

ಅವರು ಮಾಡಿಕೊಡಲಿಲ್ಲ. ಪಕ್ಕದಲ್ಲಿ ಕೂತು ಸೀಬೆಹಣ್ಣು ತಿನ್ನುತ್ತಾ, ಬಾಯಿಮಾತಿನಲ್ಲಿ ಹೇಳಿಕೊಟ್ಟು, ನನ್ನ ಕೈಯಲ್ಲೇ ಮಾಡಿಸಿದರು. ಕೊನೆಯಲ್ಲಿ ಟ್ಯೂಬು ಟೈರಿನ ಅಂಚಿಗೆ ಸಿಕ್ಕಿಕೊಂಡದ್ದು ಅವರ ಕಣ್ಣಿಗೆ ಬಿದ್ದಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಸುಮ್ಮನಿದ್ದರು. ನಾನು ಗಾಳಿ ತುಂಬಿದೆ. ಅದು ಢಬ್ ಎಂದು ಒಡೆಯಿತು. "ಇನ್ನು ಸಾಯಗಂಟ ಮರೆಯಲ್ಲ ಬುಡಿ," ಎಂದು ನಗುತ್ತಾ ತಮ್ಮ ಚೀಲದಿಂದ ಬೇರೆ ಟ್ಯೂಬು ತೆಗೆದು ಕೊಟ್ಟರು.

ನಾನು ಆರ್.ಟಿ. ನಗರದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಗಾಜಿನ ಮೇಲೆ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡದ್ದನ್ನು ಬರೆಯುವುದು ನನ್ನ ಕೆಲಸ. ಒಂದನ್ನು ಇನ್ನೊಂದೆಂದು ತಿಳಿಯಬಾರದು, ಅದೇ ಆ ಕೆಲಸದ ಮುಖ್ಯ ನಿಯಮ. ಅಣ್ಣ ನನಗೆ "ಲ್ಯಾಬು" ಎಂದು ಹೆಸರಿಟ್ಟರು. ಮುಂದೆ ಇನ್ನಿಬ್ಬರು ಸೇರಿಕೊಂಡರು. ಗೊರಗುಂಟೆಪಾಳ್ಯದಲ್ಲಿ ಎ.ಸಿ. ರಿಪೇರಿ ಮಾಡುವ ಗಿರಿ, ಎಲ್ಲರಿಗಿಂತ ಚಿಕ್ಕವನು, ಎಲ್ಲರಿಗಿಂತ ವೇಗ. ಅವನು "ಇಂಜಿನ್ನು". ಶಾಲೆಯೊಂದರಲ್ಲಿ ಆಟದ ಪಾಠ ಮಾಡುವ ಶಬಾನಾ "ಟೀಚರಮ್ಮ". ವರ್ಷಕ್ಕೆ ಎರಡು ಸಲ ನಾವು ನಾಲ್ವರೂ ಹೊರಡುತ್ತಿದ್ದೆವು. ಬಾಬಾಬುಡನ್‌ಗಿರಿ, ಕೊಲ್ಲಿ ಮಲೆ, ನೀಲಗಿರಿ. ನಮ್ಮ ಹಿಂದೆ ಯಾವ ಗಾಡಿಯೂ ಬರುತ್ತಿರಲಿಲ್ಲ. ಡೇರೆ, ಒಲೆ, ಬಟ್ಟೆ, ಬಿಡಿಭಾಗ, ರಾಗಿ ಹುರಿಹಿಟ್ಟು, ಎಲ್ಲವೂ ಅವರವರ ಸೈಕಲ್ಲಿನ ಮೇಲೆ. ಚೀಲಗಳನ್ನು ಲಾರಿ ಟಾರ್ಪಾಲು ಹೊಲಿಯುವವನೊಬ್ಬನಿಂದ ಅಣ್ಣನೇ ಯಶವಂತಪುರದಲ್ಲಿ ಹೊಲಿಸಿದ್ದರು. ಅದೇ ಕೈಯಿಂದ ತಮಗೊಂದು ಹಳದಿ ಮಳೆಕೋಟು. ಅಷ್ಟು ಕಡು ಹಳದಿ ಬಟ್ಟೆ ಅವನಿಗೆ ಎಲ್ಲಿ ಸಿಕ್ಕಿತೋ. ಬೆಟ್ಟದ ಹಸಿರಿನಲ್ಲಿ ಅದು ಮೈಲಿ ದೂರಕ್ಕೆ ಕಾಣುತ್ತಿತ್ತು.

ಹೊರಡುವ ಹಿಂದಿನ ದಿನ ಅವರ ಮನೆಯ ಜಗಲಿಯಲ್ಲಿ ತೂಕ. ಗುಜರಿಯವರು ಹಳೆಯ ಪೇಪರ್ ತೂಗುವಂಥ ಕೊಕ್ಕೆ ತಕ್ಕಡಿ ಇಟ್ಟುಕೊಂಡು ನಮ್ಮ ಚೀಲಗಳನ್ನು ಒಂದೊಂದಾಗಿ ನೇತುಹಾಕಿ, ಮುಖ ಹಿಂಡಿ, ಎಲ್ಲವನ್ನೂ ಕೆಳಗೆ ಸುರಿಯುತ್ತಿದ್ದರು.

"ಇದೇನ್ಲಾ ಇಂಜಿನ್ನು?"

"ಸ್ಪೀಕರ್ ಅಣ್ಣಾ. ಘಾಟಿಲಿ ಸಾಂಗ್ ಇಲ್ದೆ ಹತ್ತಕ್ಕಾಗಲ್ಲ."

"ಮ್ಯಾಲೆ ಉಸ್ರಾಡಕ್ಕೇ ಆಗಲ್ಲ, ಸಾಂಗ್ ಯಾರ್ ಕೇಳ್ತಾರ್ಲಾ? ಇಡು ಇಲ್ಲೇ. ಟೀಚರಮ್ಮ, ಮೂರ್ ಸೋಪು ಯಾಕಮ್ಮ? ಬೆಟ್ಟ ತೊಳಿಯಕ್ಕಾ?"

"ಒಂದು ನಿಮಗೇ ಅಣ್ಣ. ನಿಮ್ಮ ಹಿಂದೆ ಯಾರೂ ಸೈಕಲ್ ಹೊಡಿಯಕ್ಕಾಗ್ತಿಲ್ಲ," ಎಂದಳು ಶಬಾನಾ.

"ನನ್ ಇಂದೆ ಯಾರಿರ್ತಾರಮ್ಮ, ನಾನೇ ಕೊನೆ!"

ಬಾಗಿಲಲ್ಲಿ ನಿಂತ ಅತ್ತಿಗೆ, "ಎಲ್ಲಾರ್ದೂ ತಗ್ದು ಬಿಸಾಕ್ತಾರೆ, ತಮ್ದು ಮಾತ್ರ ತುಂಬ್ಕತ್ತಾರೆ. ಬರಾಗ ಅದ್ರಲ್ಲಿ ಅರ್ಧ ಇರಲ್ಲ," ಎನ್ನುವರು. ಅದೂ ನಿಜ. ದಾರಿಯಲ್ಲಿ ಕೇಳಿದವರಿಗೆ, ಕೇಳದವರಿಗೆ, ಅಣ್ಣ ಏನಾದರೊಂದು ಕೊಟ್ಟುಬಿಡುತ್ತಿದ್ದರು. ನೀಲಗಿರಿಯ ಒಬ್ಬ ಕುರಿಗಾಹಿಗೆ ಮಂಕಿ ಟೋಪಿ. ಕೊಲ್ಲಿ ಮಲೆಯಲ್ಲಿ ಬರಿಗಾಲಿನ ಒಬ್ಬ ಅಜ್ಜಿಗೆ ತಮ್ಮ ಚಪ್ಪಲಿ. "ನಾವ್ ಯಾರತ್ರನೂ ಈಸ್ಕಬಾರ್ದು, ಅಷ್ಟೇ ನಮ್ ರೂಲ್ಸು. ಕೊಡಕ್ಕೇನು?" ಎನ್ನುತ್ತಿದ್ದರು.

ಅದೇ ಜಗಲಿಯಲ್ಲಿ ಅವರು ಟ್ಯೂಬಿನ ಗಂಟು ಕಲಿಸಿದ್ದು. ಸೈಕಲ್ ಟ್ಯೂಬು ಗಾಳಿಗಿಂತ ಕಟ್ಟುವುದಕ್ಕೇ ಹೆಚ್ಚು ಉಪಯೋಗ ಎಂದು ಅವರ ವಾದ. ಮುರಿದ ಕ್ಯಾರಿಯರ್ ಕಟ್ಟಬಹುದು, ಉಳುಕಿದ ಕೈಯನ್ನು ಕುತ್ತಿಗೆಗೆ ತೂಗುಹಾಕಬಹುದು, ತೊಡೆಗೆ ಗಾಯವಾದರೆ ಮೇಲೆ ಬಿಗಿದು ರಕ್ತ ನಿಲ್ಲಿಸಬಹುದು. ಗಂಟು ಒಂದೇ ಕೈಯಲ್ಲಿ ಬೀಳಬೇಕು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎರಡು ಸುತ್ತು ತಂದು ಒಳಗಿನಿಂದ ಎಳೆಯುವುದು. ನನಗೆ ಅದು ಬರಲು ಒಂದು ವಾರ ಹಿಡಿಯಿತು. ನೋಡಿದರೆ ಯಾರು ಹಾಕಿದ ಗಂಟು ಎಂದು ನಾವು ನಾಲ್ವರೂ ಹೇಳಬಲ್ಲವರಾಗಿದ್ದೆವು.

ಕೊನೆಯಲ್ಲಿ ಬರುವುದಕ್ಕೂ ಒಂದು ಕಾರಣವಿತ್ತು. ಪ್ರಾಯದಲ್ಲಿ ಕಾರ್ಖಾನೆಯ ಗೆಳೆಯರೊಂದಿಗೆ ಕೊಲ್ಲಿ ಮಲೆ ಹತ್ತುವಾಗ ಒಬ್ಬ ಹಿಂದೆ ಉಳಿದು, ಬಿಸಿಲಿಗೆ ತಲೆಸುತ್ತಿ ರಸ್ತೆ ಬದಿಯಲ್ಲಿ ಬಿದ್ದನಂತೆ. ಉಳಿದವರು ಮೇಲೆ ಹೋಟೆಲಿನಲ್ಲಿ ಕೂತು ತಿಂಡಿ ತಿನ್ನುತ್ತಿದ್ದರು. ಅವನು ಬದುಕಿದ, ಆದರೆ ಆಮೇಲೆ ಇವರೊಂದಿಗೆ ಮಾತು ಬಿಟ್ಟ. "ಅವ್ನ್ ಬೈದಿದ್ರೆ ಮರ್ತೋಗಿರೋದು. ಮಾತೇ ಆಡ್ಲಿಲ್ಲ ಕಣ ಲ್ಯಾಬು," ಎಂದಿದ್ದರು ಒಮ್ಮೆ.

ಅಂದಿನಿಂದ ನಿಯಮ. ಘಾಟಿಯಲ್ಲಿ ಯಾರೂ ಗುಂಪಾಗಿ ಹೋಗುವುದು ಬೇಡ, ಅವರವರ ವೇಗದಲ್ಲಿ ಹೋಗಲಿ. ಆದರೆ ಪ್ರತಿಯೊಬ್ಬನೂ ತನ್ನ ಹಿಂದಿನವನೊಬ್ಬನಿಗೆ ಜವಾಬ್ದಾರ. ಎರಡು ತಿರುವಿಗೊಮ್ಮೆ ನಿಲ್ಲಬೇಕು. ಹಿಂದಿನವನು ಕಂಡಾಗ ಕೈ ಎತ್ತಬೇಕು. ಅವನೂ ಕೈ ಎತ್ತಿದ ಮೇಲೆ ಮುಂದಕ್ಕೆ. ಗಿರಿ ಶಬಾನಾಳನ್ನು ನೋಡುತ್ತಿದ್ದ, ಶಬಾನಾ ನನ್ನನ್ನು, ನಾನು ಅಣ್ಣನನ್ನು. ಅಣ್ಣನ ಹಿಂದೆ ಯಾರೂ ಇಲ್ಲ. ಅವರು ಎತ್ತುತ್ತಿದ್ದುದು ಎಡಗೈ. ಬಲಗೈ ಬ್ರೇಕಿನ ಮೇಲೆಯೇ ಇರುತ್ತಿತ್ತು.

ಈ ನಿಯಮದಲ್ಲಿ ಒಂದು ತೊಡಕಿತ್ತು. ಅದು ನನಗೆ ಈಗ ಗೊತ್ತು. ಮೊದಲ ವರ್ಷ ನಾನು ತಿರುವಿನಲ್ಲಿ ನಿಂತು ಅಣ್ಣನನ್ನು ನೋಡುತ್ತಿದ್ದೆ. ಮೂರನೆಯ ವರ್ಷದ ಹೊತ್ತಿಗೆ ಹಳದಿಯನ್ನು ನೋಡುತ್ತಿದ್ದೆ.

ಹೋದ ವರ್ಷ ಹಿಮಾಲಯ. ಯಶವಂತಪುರದಲ್ಲಿ ಸೈಕಲ್ಲುಗಳನ್ನು ಬಿಚ್ಚಿ, ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ, ಚಂಡೀಗಢಕ್ಕೆ ರೈಲು ಹತ್ತಿದೆವು. ಅತ್ತಿಗೆ ಪ್ಲಾಟ್‌ಫಾರಂಗೆ ಬಂದಿದ್ದರು. "ನಾಕ್ ಜನ ಓಗಿ ನಾಕ್ ಜನ ಬನ್ನಿ," ಎಂದರು, ಪ್ರತಿ ಸಲ ಹೇಳುವಂತೆ. ಅಲ್ಲಿಂದ ಒಂಬತ್ತು ದಿನ ತುಳಿದು ಆ ಕಣಿವೆದಾರಿಯ ನೆತ್ತಿ ಮುಟ್ಟಿದೆವು. ಅದರ ಹೆಸರನ್ನೂ ಬರೆಯುವುದಿಲ್ಲ. ಅವರ ಮನೆಯಲ್ಲಿ ಅದನ್ನು ಯಾರೂ ಉಚ್ಚರಿಸುವುದಿಲ್ಲ.

ಆ ಬೆಳಿಗ್ಗೆ ನಡೆದದ್ದನ್ನು ಇದ್ದಂತೆ ಬರೆಯಲು ಪ್ರಯತ್ನಿಸುತ್ತೇನೆ.

ನೆತ್ತಿಯಲ್ಲಿ ಆಲಿಕಲ್ಲು ಶುರುವಾಗಿತ್ತು. ಗಿರಿ ಮತ್ತು ಶಬಾನಾ ಇಳಿಯತೊಡಗಿದ್ದರು. ಅಣ್ಣ ನನ್ನ ಹಿಂದಿನ ಬ್ರೇಕನ್ನು ಒಮ್ಮೆ ಒತ್ತಿ ನೋಡಿ, "ನಡಿ ಲ್ಯಾಬು. ತಿರುವಲ್ಲಿ ನಿಲ್ಲು," ಎಂದರು. ಅವರು ನನಗೆ ಹೇಳಿದ ಕೊನೆಯ ಮಾತು ಅದು.

ಮೂರನೆಯ ತಿರುವಿನಲ್ಲಿ ರಸ್ತೆ ಕೆಲಸದವರು ಐದಾರು ಜನ ಗುಡ್ಡದಿಂದ ಬಿದ್ದ ಕಲ್ಲು ಸರಿಸುತ್ತಿದ್ದರು. ಒಬ್ಬನು ಸಿಮೆಂಟ್ ಚೀಲವನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡಿದ್ದ. ಅಂಗಿ ಮೈಗೆ ಅಂಟಿತ್ತು. ನಾನು ಅವನನ್ನು ನೋಡಿದೆ, ನಿಲ್ಲಲಿಲ್ಲ. ಐದನೆಯ ತಿರುವಿನಲ್ಲಿ ನಿಂತು ಮೇಲಕ್ಕೆ ತಿರುಗಿದೆ. ಅಲ್ಲಿಂದ ಮೂರನೆಯ ತಿರುವಿನ ಅಂಚು ಮಾತ್ರ ಕಾಣುತ್ತದೆ. ನಡುವಿನ ರಸ್ತೆ ಬಂಡೆಯ ಮರೆ. ಕೈಬೆರಳುಗಳು ಮರಗಟ್ಟಿದ್ದವು. ಗಾಳಿಯ ಸದ್ದಿನಲ್ಲಿ ಬೇರೆ ಏನೂ ಕೇಳುತ್ತಿರಲಿಲ್ಲ. ಆರೇಳು ನಿಮಿಷ ಕಳೆದಿರಬೇಕು. ಮೂರನೆಯ ತಿರುವಿನ ಅಂಚಿಗೆ ಹಳದಿ ಬಂದು ನಿಂತಿತು. ನಾನು ಕೈ ಎತ್ತಿದೆ. ಅದೂ ಕೈ ಎತ್ತಿತು. ನಾನು ಇಳಿದುಬಿಟ್ಟೆ.

ಅದು ಎತ್ತಿದ್ದು ಬಲಗೈ. ಆಗಲೇ ನನಗೆ ಅದು ತಿಳಿದಿತ್ತು ಎನ್ನಲಾರೆ, ತಿಳಿದಿರಲಿಲ್ಲ ಎಂದೂ ಎನ್ನಲಾರೆ. ಪಕ್ಕದಲ್ಲಿ ಸೈಕಲ್ ಇತ್ತೇ ಎಂದು ನಾನು ನೋಡಲಿಲ್ಲ. ಚಳಿಯಾಗುತ್ತಿತ್ತು. ಮುಂದಿನ ತಿರುವುಗಳಲ್ಲಿಯೂ ನಿಲ್ಲಲಿಲ್ಲ. ಒಮ್ಮೆ ಕಂಡರಲ್ಲ, ಬರುತ್ತಾರೆ ಎಂದುಕೊಂಡೆ.

ಕೆಳಗೆ ಟೀ ಅಂಗಡಿಯಲ್ಲಿ ಗಿರಿ ಒಲೆಯ ಹತ್ತಿರ ಕೂತಿದ್ದ.

"ಅಣ್ಣ ಎಲ್ಲಿ ಮಗಾ?"

"ಕಂಡ್ರು. ಬರ್ತಿದಾರೆ."

"ಯಾರಿಗೋ ಏನೋ ಕೊಡ್ತಾ ನಿಂತಿರ್ತಾರೆ ಬಿಡು, ಕರ್ಣ," ಎಂದು ಅವನು ಇನ್ನೊಂದು ಟೀ ಹೇಳಿದ.

ನಾವು ಅಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ಇದ್ದೆವು. ಮೊದಲ ಅರ್ಧ ಗಂಟೆ ನಗುತ್ತಾ ಮಾತಾಡಿದೆವು. ಆಮೇಲೆ ಶಬಾನಾ ಎದ್ದು ಹೊರಗೆ ನಿಂತಳು. "ಇಷ್ಟೊತ್ತು ಬೇಡಪ್ಪ ಅಣ್ಣಂಗೆ," ಎಂದು ಎರಡು ಸಲ ಹೇಳಿದಳು. ಕಂಡರು ಎಂದು ನಾನೂ ಎರಡು ಸಲ ಹೇಳಿದೆ. ಕೊನೆಗೆ ಸಾಮಾನು ಸಾಗಿಸುವ ಒಂದು ಜೀಪನ್ನು ನಿಲ್ಲಿಸಿ ಮೇಲಕ್ಕೆ ಹೊರಟೆವು.

ಮೂರನೆಯ ತಿರುವಿನಲ್ಲಿ ಹಳದಿ ಕೋಟು ಬಗ್ಗಿ ಕಲ್ಲು ಎತ್ತುತ್ತಿತ್ತು. ಗಿರಿ ಜೀಪಿನಿಂದ ಹಾರಿ, "ಅಣ್ಣಾ!" ಎಂದು ಕೂಗಿ ಓಡಿದ. ಕೋಟು ಎದ್ದು ತಿರುಗಿತು. ಸಿಮೆಂಟ್ ಚೀಲ ಹೊದ್ದಿದ್ದ ಅದೇ ಮನುಷ್ಯ. ಸೈಕಲ್ಲಿನವರು ತಾವೇ ಬಿಚ್ಚಿ ತೊಡಿಸಿ, ಗುಂಡಿ ಹಾಕಿ, ಕೆಳಗಿಳಿದು ಹೋದರು ಎಂದು ಹಿಂದಿಯಲ್ಲಿ ಹೇಳಿದ. ನನ್ನನ್ನು ನೋಡಿ ಗುರುತು ಹಿಡಿದು ನಕ್ಕ. ನೀವು ಕೈ ಬೀಸಿದಿರಲ್ಲ, ನಾನೂ ಬೀಸಿದೆ ಎಂದ.

ಆಗ ಶಬಾನಾ ನನ್ನ ಮುಖ ನೋಡಿದಳು. ಒಂದೇ ಸಲ. ಇವತ್ತಿನವರೆಗೂ ಏನೂ ಕೇಳಿಲ್ಲ.

ಅವನನ್ನೂ ಕರೆದುಕೊಂಡು ಅಂಚಿನುದ್ದಕ್ಕೂ ಕೆಳಗೆ ಇಣುಕುತ್ತಾ ಇಳಿದೆವು. ನಾಲ್ಕನೆಯ ತಿರುವಿನ ಕೆಳಗೆ ಅವಳಿಗೆ ಸೈಕಲ್ಲಿನ ಹಿಂದಿನ ಚಕ್ರ ಕಂಡಿತು. ಅಣ್ಣ ಅದರಿಂದ ಹತ್ತು ಹೆಜ್ಜೆ ಕೆಳಗಿದ್ದರು. ಬಂಡೆಗೆ ಒರಗಿ ಕೂತಂತೆ ಇದ್ದರು. ನಾನು ಕೋಟಿಗೆ ಕೈ ಎತ್ತಿದಾಗ ಅವರು ಆ ಕೋಟಿಗಿಂತ ನನಗೆ ಹತ್ತಿರದಲ್ಲಿದ್ದರು. ಜೀಪು ಮೇಲೆ ಹೋಗುವಾಗಲೂ ನಾವು ಅವರನ್ನು ದಾಟಿಕೊಂಡೇ ಹೋಗಿದ್ದೆವು.

ಏಕೆ ಬಿದ್ದರೋ ಗೊತ್ತಿಲ್ಲ. ಬ್ರೇಕು ಸರಿಯಾಗಿತ್ತು, ನಾನು ನೋಡಿದೆ. ಬಲತೊಡೆ ಸೀಳಿತ್ತು. ಅದರ ಮೇಲ್ಗಡೆ ಸೈಕಲ್ ಟ್ಯೂಬು ಬಿಗಿದಿತ್ತು. ಎರಡು ಸುತ್ತು, ಒಳಗಿನಿಂದ ಎಳೆದ ಗಂಟು. ಟ್ಯೂಬಿನ ತುದಿಯಲ್ಲಿ ಹಲ್ಲಿನ ಗುರುತು. ರಸ್ತೆ ಕೆಲಸದವನು ಕೋಟು ಬಿಚ್ಚಿ ಸುರುಳಿ ಸುತ್ತಿ ಅವರ ತಲೆಯ ಕೆಳಗಿಟ್ಟ. ಆ ಹೊತ್ತಿಗೆ ಅದರ ಅಗತ್ಯವಿರಲಿಲ್ಲ.

ಕೆಳಗಿನ ಆಸ್ಪತ್ರೆಯಲ್ಲಿ ಡಾಕ್ಟರು ಗಂಟನ್ನು ನೋಡಿ, ಇದನ್ನು ಕಟ್ಟಿದವರು ಯಾರು ಎಂದು ಕೇಳಿದರು. ಅವರೇ ಎಂದೆವು. ಹಾಗಾದರೆ ಬಿದ್ದ ಮೇಲೆ ಒಂದು ಗಂಟೆಯಾದರೂ ಜೀವ ಇದ್ದಿರಬೇಕು ಎಂದರು.

ಅತ್ತಿಗೆಗೆ ಫೋನ್ ಮಾಡಿದವನು ನಾನೇ. ಅವರು ಅಳಲಿಲ್ಲ. "ಕೊನೇಲಿ ನೋಡಿದ್ದು ನೀನೇ ಅಲ್ವೇನಪ್ಪ? ಎಂಗಿದ್ರು?" ಎಂದು ಕೇಳಿದರು. "ಚೆನ್ನಾಗಿದ್ರು ಅತ್ತಿಗೆ. ತಿರುವಲ್ಲಿ ಕೈ ಎತ್ತಿದ್ರು," ಎಂದೆ. ಅದು ಯಾರ ಕೈ ಎಂದು ಆಗ ನನಗೆ ಗೊತ್ತಿತ್ತು.

ಈ ಮಾತು ಕೊಡಿಗೇಹಳ್ಳಿಯಲ್ಲಿ ಒಂದು ವರ್ಷ ಓಡಾಡಿತು. ಹನ್ನೊಂದನೆಯ ದಿನ, ಹಬ್ಬದ ದಿನ, ಸಹಕಾರನಗರದಿಂದ ಯಾರಾದರೂ ನೋಡಲು ಬಂದ ದಿನ, ಅತ್ತಿಗೆ ನನ್ನನ್ನು ತೋರಿಸಿ ಹೇಳುತ್ತಿದ್ದರು: ಕೊನೆಯಲ್ಲಿ ಕೈ ಎತ್ತಿದರಂತೆ, ನೋವಿಲ್ಲದೆ ಹೋದರಂತೆ, ನೋಡಿದವನು ಇವನೇ. ನೋವಿಲ್ಲದೆ ಎಂದು ನಾನು ಹೇಳಿರಲಿಲ್ಲ. ಅದು ಹೇಗೋ ಸೇರಿಕೊಂಡಿತ್ತು. ಅದನ್ನೂ ನಾನು ತಿದ್ದಲಿಲ್ಲ. ಅದನ್ನು ಹಿಡಿದುಕೊಂಡೇ ಅವರು ಬದುಕುತ್ತಿದ್ದಾರೆ, ಕಿತ್ತುಕೊಳ್ಳುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ತಿಥಿಯ ದಿನ ಊಟದ ಪಂಕ್ತಿಯಲ್ಲಿ ಒಬ್ಬ ಮುದುಕಿ ಮತ್ತೆ ಕೇಳಿದರು. "ಕೈ ಎತ್ತಿದ್ರಂತೆ ಕಣವ್ವ. ಅಲ್ವೇನಪ್ಪ?" ಎಂದು ಅತ್ತಿಗೆ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ.

ಎಲ್ಲರೂ ಹೋದ ಮೇಲೆ ಅವರು ಜಗಲಿಯಲ್ಲಿ ಕೂತು ಉಳಿದ ವೀಳ್ಯದೆಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಗೋಡೆಯ ಮೊಳೆಗೆ ಕೊಕ್ಕೆ ತಕ್ಕಡಿ ಇನ್ನೂ ತೂಗುತ್ತಿತ್ತು.

"ಅತ್ತಿಗೆ, ಆ ಕೈ ಅಣ್ಣಂದಲ್ಲ."

ಎಲೆ ಸುತ್ತುವುದು ನಿಲ್ಲಲಿಲ್ಲ.

"ಗೊತ್ತು," ಎಂದರು.

ಒದ್ದೆ ಬಟ್ಟೆಯ ಅಂಚನ್ನು ಒಳಕ್ಕೆ ಮಡಚಿದರು.

"ಬಟ್ಟೆ ಗಂಟು ಬಂತಲ್ಲ, ಬಿಚ್ಚಿದ್ದು ನಾನೇ. ಪ್ಯಾಂಟು ಚಿಂದಿ. ಅಂಗಿ ಚಿಂದಿ. ಕೋಟಿಗೆ ಒಂದ್ ಗೀರಿಲ್ಲ. ಮೈಮೇಲಿದ್ದಿದ್ರೆ ಇಂಗಿರ್ತಿತ್ತಾ? ಯಾರಿಗೋ ಕೊಟ್ಟವ್ರೆ ಅಂತ ಅವತ್ತೇ ಗೊತ್ತಾಯ್ತು. ನಿನ್ ಕಣ್ಗೆ ಬಿದ್ದಿದ್ದು ಕೋಟು."

"ಮತ್ತೆ ಎಲ್ಲರ ಹತ್ರಾನೂ..."

"ನೀನ್ ಅಂದಿದ್ನೇ ನಾನೂ ಅಂದೆ. ಎಷ್ಟ್ ಸಲ ಅಂದ್ರೆ ಬಾಯ್ ಬಿಡ್ತೀಯ ಅಂತ ನೋಡ್ತಿದ್ದೆ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನಾನು ಎಲ್ಲವನ್ನೂ ಹೇಳಿದೆ. ಬಲಗೈ, ಬಂಡೆಯ ಮರೆ, ಟ್ಯೂಬು, ಹಲ್ಲಿನ ಗುರುತು. ಅವರು ಪೂರ್ತಿ ಕೇಳಿದರು.

"ಬಿದ್ಮೇಲೆ ಎಷ್ಟೊತ್ತಿದ್ರಂತೆ?"

"ಒಂದು ಗಂಟೆ ಇದ್ದಿರಬಹುದು ಅಂದ್ರು ಡಾಕ್ಟ್ರು."

"ನೀವ್ ಮೂರ್ ಜನ ಟೀ ಅಂಗ್ಡೀಲಿ ಎಷ್ಟೊತ್ತಿದ್ರಿ?"

"ಒಂದು ಗಂಟೆ ಇಪ್ಪತ್ತು ನಿಮಿಷ."

"ಹೂಂ," ಎಂದರು.

ಎದ್ದು ಒಳಗೆ ಹೋಗಿ ಕೋಟನ್ನು ಮಡಚಿ ತಂದು ನನ್ನ ಪಕ್ಕದಲ್ಲಿಟ್ಟರು. "ತಗಂಡೋಗು. ಮೊಳೆಗೆ ಆಕಿದ್ರೆ ಬಾಗ್ಲಲ್ಲಿ ಅವ್ರೇ ನಿಂತಂಗ್ ಕಾಣ್ತದೆ. ದಿನಾ ಬೆಳಿಗ್ಗೆ ಎದ್ದು ಮೋಸ ಓಗಕ್ಕಾಗಲ್ಲ ನನ್ ಕೈಲಿ." ಬಾಗಿಲು ಹಾಕಿಕೊಳ್ಳಲಿಲ್ಲ, ಬಾ ಎಂದೂ ಕರೆಯಲಿಲ್ಲ. ನಾನು ಹೊರಟೆ.

ನಿನ್ನೆ ಭಾನುವಾರ, ಒಂದು ವರ್ಷದ ಮೇಲೆ, ನಾವು ಮೂವರು ನಂದಿ ಬೆಟ್ಟಕ್ಕೆ ಹೋದೆವು. ಕೊನೆಯಲ್ಲಿ ನಾನು ಬರುತ್ತೇನೆ ಎಂದೆ. ಬೆಟ್ಟದ ಬುಡದಲ್ಲಿ ಮಂಜು ಕವಿದಿತ್ತು. ನನ್ನ ಕ್ಯಾರಿಯರ್‌ಗೆ ಕಟ್ಟಿದ್ದ ಕೋಟನ್ನು ಗಿರಿ ನೋಡಿದ.

"ಹಾಕೋ ಮಗಾ. ದೂರದಿಂದ ಕಾಣ್ತೀಯ."

"ಬೇಡ. ಮುಖ ಕಾಣೋವರೆಗೂ ನಿಂತ್ಕೊಳ್ಳಿ."

ಅವನು ಕೋಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಪೆಡಲ್ ತುಳಿದ. ಎರಡನೆಯ ತಿರುವಿನಲ್ಲಿ ಶಬಾನಾ ಒಂದು ಕಾಲು ನೆಲಕ್ಕೆ ಊರಿ ಹಿಂದಕ್ಕೆ ತಿರುಗಿ ನಿಂತಿದ್ದಳು. ನಾನು ಎಡಗೈ ಎತ್ತಿದೆ. ಅವಳು ಎತ್ತಲಿಲ್ಲ. ನಾನು ಮಂಜಿನಿಂದ ಹೊರಬಂದು, ಹತ್ತಿರ ಬಂದು, ನನ್ನ ಮುಖ ಸರಿಯಾಗಿ ಕಂಡ ಮೇಲೆ ಕೈ ಎತ್ತಿ ಮುಂದಕ್ಕೆ ಹೋದಳು.

ಅದಕ್ಕೆ ಹೆಚ್ಚೆಂದರೆ ಎರಡು ನಿಮಿಷ ಹಿಡಿಯುತ್ತದೆ.